ಚೀಟಿ ಬದಲಿಸುವ ದರ

ಗೋಣಿಕೊಪ್ಪದ ತೂಕದ ಸೇತುವೆಯ ಪಕ್ಕ
ತಗಡಿನ ಕೋಣೆ ನನ್ನದು. ಒಂದು ಫ್ಯಾನು, ಒಂದು ಸ್ಟೂಲು,
ಮೇಜಿನಡಿ ಟಿಫಿನ್ ಡಬ್ಬಿಯಷ್ಟು ಕಂಪ್ಯೂಟರು.
ಹಗಲು ನಾನು ರೋಬಸ್ಟಾ ಚೆರಿ ತೂಗುತ್ತೇನೆ.
ರಾತ್ರಿ ಅದು ತನ್ನಷ್ಟಕ್ಕೆ
ಊರು ಹೆಸರು ಹೇಳದವರ ಬಿಟ್‌ಕಾಯಿನ್ ಚೀಟಿಗಳನ್ನು
ಓದಿ, ಸರಿಯಿದ್ದರೆ ಇಟ್ಟುಕೊಂಡು,
ನೆರೆಯವರಿಗೆ ದಾಟಿಸುತ್ತದೆ.
ಸಂಬಳ ಇಲ್ಲ ಅದಕ್ಕೆ.
ಕರೆಂಟು ಬಿಲ್ಲು ಮಾತ್ರ ಬೊಳ್ಳಮ್ಮನ ಹೆಸರಿಗೆ,
ಅಂದರೆ ನನಗೆ.

ಇನ್ನೂ ಖಾತೆಪುಸ್ತಕ ಸೇರದ ಚೀಟಿ
ಸರದಿಯಲ್ಲಿ ನಿಂತ ಲಾರಿಯ ಹಾಗೆ.
ತಿತಿಮತಿ ದಾರಿಗೆ ಆನೆ ಇಳಿದರೆ
ಮುಂದಿನದು ಹೋಗುವುದಿಲ್ಲ, ಹಿಂದಿನದು ನಿಲ್ಲುವುದಿಲ್ಲ.
ಆಗ ಯಾರಾದರೂ ಕಿಟಕಿ ಬಡಿಯುತ್ತಾರೆ:
"ಅಕ್ಕಾ, ಹಳೇ ಚೀಟಿ ಹರಿ, ಹೊಸದು ಬರಿ,
ಐವತ್ತು ಜಾಸ್ತಿ ಇಟ್ಕೊ, ದಾರಿ ಬಿಟ್ಟ ಕೂಡಲೇ ನಾನು ಮೊದಲು."
ಬರೆಯುತ್ತೇನೆ. ಅವಸರಕ್ಕೆ ಬೆಲೆ ಕಟ್ಟುವುದು ತಪ್ಪಲ್ಲ.

ಪೆಮ್ಮಯ್ಯ ಬಂದ ಮಧ್ಯಾಹ್ನದವರೆಗೆ
ಇಷ್ಟೇ ಸಾಕು ಅಂದುಕೊಂಡಿದ್ದೆ.
ಒಂದು ಪೈಸೆ ಜಾಸ್ತಿ, ಅಂದ. ಹರಿದೆ, ಬರೆದೆ.
ಇನ್ನೊಂದು ಪೈಸೆ. ಹರಿದೆ, ಬರೆದೆ.
ಪ್ರತಿ ಸಲವೂ ಪೊನ್ನಂಪೇಟೆಗೆ ಫೋನು, ಕುಟ್ಟಕ್ಕೆ ಫೋನು,
ಆ ಚೀಟಿ ರದ್ದು ಮಾಡಿ, ಈ ನಂಬರು ಬರೆದುಕೊಳ್ಳಿ.
ನಲವತ್ತನೆಯದಕ್ಕೆ ಕಾರ್ಬನ್ ಕಾಗದ ಜಾಲರಿಯಾಗಿತ್ತು,
ಕುಟ್ಟದವನು ಫೋನು ಎತ್ತುವುದು ಬಿಟ್ಟಿದ್ದ,
ಹೊರಗೆ ಹದಿನೇಳು ಲಾರಿ ಹಾರನ್ ಒತ್ತುತ್ತಿದ್ದವು.
ಅವನ ಖರ್ಚು ನಲವತ್ತು ಪೈಸೆ.
ಅದೂ ಕೊಟ್ಟದ್ದಲ್ಲ, ಕೊಡುತ್ತೇನೆ ಅಂದದ್ದು.

ಅದೇ ವಾರ ಮೇಜಿನಡಿಯೂ ಇದೇ ಆಟ.
ಮುಖವಿಲ್ಲದ ಪೆಮ್ಮಯ್ಯ ಯಾವನೋ
ಒಂದೇ ದುಡ್ಡನ್ನು ಉಜ್ಜಿ ಉಜ್ಜಿ ಬರೆಯುತ್ತಿದ್ದ.
ಡಬ್ಬಿ ಕಾದು, ಮೇಲಿಟ್ಟ ನನ್ನ ರೊಟ್ಟಿ ಬಿಸಿಯಾಗಿತ್ತು.
ಪಾಪ, ಅದಕ್ಕೆ ಬೇಡ ಅನ್ನಲು ನಾನೇ ಕಲಿಸಿರಲಿಲ್ಲ.

ರಟ್ಟಿನ ಮೇಲೆ ಬರೆದು ಕಿಟಕಿಗೆ ಕಟ್ಟಿದೆ, ಡಬ್ಬಿಗೂ ಹೇಳಿದೆ:
ಹಳೆಯ ಚೀಟಿಯ ದರ ಪೂರ್ತಿ ಮೀರಬೇಕು.
ಅದಕ್ಕೆ ಬಾಲವಾಗಿ ಕಟ್ಟಿದ ಚೀಟಿಗಳಿದ್ದರೆ ಅವುಗಳದ್ದೂ.
ಮೇಲಿಂದ, ಹೊಸದು ಎಷ್ಟುದ್ದವೋ ಅಷ್ಟು
ಕಾಗದದ, ಫೋನಿನ ಖರ್ಚು.
ಒಂದಕ್ಕಾಗಿ ನೂರಕ್ಕಿಂತ ಹೆಚ್ಚು ಹರಿಯಬೇಕಾದರೆ
ದಯವಿಟ್ಟು ಕೇಳಬೇಡಿ.

ಪೆಮ್ಮಯ್ಯ ಓದಿದ, ನಕ್ಕ, ಟೀ ಕುಡಿಯಲು ಹೋದ.
ಬಿಟ್ಟಿಯಲ್ಲದ ತಮಾಷೆ ಅವನಿಗೂ ರುಚಿಸಲಿಲ್ಲ.
ಒಂದು ತಿಂಗಳು ನಾನು ಬುದ್ಧಿವಂತೆ.

ಹೂಮಳೆ ಬಿದ್ದು ಎಂಟನೇ ದಿನ,
ತೋಟಗಳೆಲ್ಲ ಬೆಳ್ಳಗೆ, ಮೂಗು ತುಂಬ ಘಮ,
ನಾಪೋಕ್ಲಿನ ನಬೀಸ ಬಂದಳು.
ಪಾಲುದಾರನ ಜೊತೆ ಒಂದೇ ಲಾರಿ ಕರಿಮೆಣಸು, ಒಂದೇ ಚೀಟಿ.
ಅವನು ಹಿಂದಿನ ಸಂಜೆಯೇ ಬಂದು
ಆ ಚೀಟಿಗೆ ಗಜಗಟ್ಟಲೆ ಉದ್ದದ ಬಿಲ್ಲೊಂದನ್ನು ಪಿನ್ನು ಹೊಡೆಸಿದ್ದ.
ಅಷ್ಟುದ್ದಕ್ಕೆ ಸಲ್ಲದ ದರ, ಆದರೆ ಒಟ್ಟು ಮೊತ್ತ ದೊಡ್ಡದು.
ನನ್ನ ನಿಯಮದಲ್ಲಿ ತಪ್ಪೇನಿಲ್ಲ ಅಂತ ನಾನೇ ಹೊಡೆದುಕೊಟ್ಟಿದ್ದೆ.

ಅವಳ ಅವಸರಕ್ಕೆ ತಕ್ಕ ದುಡ್ಡು ಅವಳ ಹತ್ತಿರ ಇತ್ತು.
ಅವನ ಬಾಲಕ್ಕೆ ಇರಲಿಲ್ಲ.
ರಟ್ಟನ್ನು ಎರಡು ಸಲ ಓದಿದಳು.
"ಇದು ಅವನನ್ನು ತಡೆಯಲು ಬರೆದದ್ದಲ್ವಾ?" ಅಂದಳು.
ಜಗಳ ಮಾಡಲಿಲ್ಲ. ಮೂಟೆಯ ಮೇಲೆ ಕೂತು
ಬೆಳಗಿನವರೆಗೆ ಲಾರಿಗಳನ್ನು ಎಣಿಸಿದಳು.
ಬೆಳಗ್ಗೆ ಮೆಣಸಿನ ದರ ಇಳಿದಿತ್ತು.

ನೆರೆ ಬಾರದಿರಲಿ ಎಂದು ಕಟ್ಟೆ ಕಟ್ಟಿದವಳು ನಾನು,
ಕಟ್ಟೆಯ ಮೇಲೆ ಕಾವಲಿಗೆ ಅವನನ್ನೇ ಕೂರಿಸಿದೆ.

ಈಗ ಸ್ಟೂಲು ಹತ್ತಿ ನಿಂತಿದ್ದೇನೆ, ಕೈಯಲ್ಲಿ ಮಸಿ ಪೆನ್ನು.
ಬಾಲಕ್ಕೂ ಒಂದು ಅಳತೆ ಬರೆಯಬೇಕು,
ಗೇಣುದ್ದವೋ, ಮೊಳವೋ, ಇನ್ನೂ ತಿಳಿದಿಲ್ಲ.
ಹಳೆಯ ಸಾಲನ್ನು ಹೊಡೆದುಹಾಕಲು
ಅದರ ದರ ಪೂರ್ತಿ ಮೀರಬೇಕಲ್ಲ:
ನಬೀಸಳ ಒಂದು ರಾತ್ರಿ,
ಕ್ವಿಂಟಲಿಗೆ ಇಳಿದಷ್ಟು ರೂಪಾಯಿ,
ಮೇಲಿಂದ ಮಸಿಯ ಖರ್ಚು.

ಹೊರಗೆ ಯಾರೋ ಹಾರನ್ ಒತ್ತುತ್ತಿದ್ದಾರೆ.
ತಾಳಪ್ಪಾ, ಬರೆಯುತ್ತಿದ್ದೇನೆ.